ಹಾಲು ಹಾಕದ ಸದಸ್ಯರು ಪಟ್ಟಿಯಿಂದ ಮಾಯ: ಸೀಕ್ವೆಲೈಜ್‌ನಲ್ಲಿ ಫಿಲ್ಟರ್ ಎಲ್ಲಿರಬೇಕು?

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ನೋಡ್ ಜೆಎಸ್‌ನಲ್ಲಿ ಒಂದು ಆಪ್ ಮಾಡುತ್ತಿದ್ದೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್, ಓಆರ್‌ಎಂ (ಕೋಡ್‌ನಿಂದಲೇ ಡೇಟಾಬೇಸ್ ಕ್ವೆರಿ ಕಟ್ಟಿಕೊಡುವ ಲೈಬ್ರರಿ) ಸೀಕ್ವೆಲೈಜ್ 6. ಸದಸ್ಯರದ್ದು ಒಂದು ಟೇಬಲ್, ದಿನಕ್ಕೆ ಎರಡು ಹೊತ್ತಿನ ಹಾಲಿನ ಲೆಕ್ಕ ಬರೆಯುವ ಪೂರೈಕೆಯದ್ದು ಇನ್ನೊಂದು. ಕಾರ್ಯದರ್ಶಿಯವರಿಗೆ ಬೇಕಾದದ್ದು ಎಲ್ಲ ಸದಸ್ಯರ ಪಟ್ಟಿ, ಪ್ರತಿಯೊಬ್ಬರ ಮುಂದೆ ಏಪ್ರಿಲ್ ತಿಂಗಳ ಒಟ್ಟು ಲೀಟರ್. ಸದಸ್ಯರ ಜೊತೆ ಪೂರೈಕೆಯನ್ನೂ ತರುವ ಇನ್‌ಕ್ಲೂಡ್ ಒಳಗೆ ತಿಂಗಳ ಫಿಲ್ಟರ್ ಹಾಕಿದರೆ ಆ ತಿಂಗಳು ಹಾಲು ಹಾಕದವರು ಪಟ್ಟಿಯಲ್ಲೇ ಇರುವುದಿಲ್ಲ. ಫಿಲ್ಟರ್ ಅನ್ನು ಹೊರಗಿನ ವೇರ್‌ಗೆ ತಂದು ‘ಅಥವಾ ನಲ್’ (ಬೆಲೆಯೇ ಇಲ್ಲ) ಎಂದು ಸೇರಿಸಿದರೆ ಕೆಲವರು ಬರುತ್ತಾರೆ, ಕೆಲವರು ಬರುವುದಿಲ್ಲ. ಪುಟಕ್ಕೆ ಇಷ್ಟೇ ಜನ ಎಂದು ಲಿಮಿಟ್ ಕೊಟ್ಟಾಗ ಎರರ್ ಬಂತು; ಸಬ್‌ಕ್ವೆರಿ ಫಾಲ್ಸ್ ಮಾಡಿದ ಮೇಲೆ ಎರರ್ ಹೋಯಿತು, ಆದರೆ 20 ಜನ ಕೇಳಿದರೆ ಒಬ್ಬರೇ ಬರುತ್ತಾರೆ. ಇದಲ್ಲದೆ ತಿಂಗಳ ಒಟ್ಟು ಲೆಕ್ಕ ಪುಸ್ತಕದ ಲೆಕ್ಕಕ್ಕೆ ತಾಳೆಯಾಗುತ್ತಿಲ್ಲ, ಪ್ರತಿ ತಿಂಗಳೂ ಕಡಿಮೆ ಬರುತ್ತಿದೆ; ಕನ್ನಡದಲ್ಲಿ ಹೆಸರು ಹುಡುಕಿದರೆ ಕೆಲವು ಹೆಸರು ಸಿಗುತ್ತಿಲ್ಲ. ಮುಂದೆ ಪ್ರಿಸ್ಮಾ ಎಂಬ ಇನ್ನೊಂದು ಓಆರ್‌ಎಂಗೆ ಹೋಗುವ ಯೋಚನೆಯೂ ಇದೆ. ಕೋಡ್ ಜೊತೆಗಿಟ್ಟಿದ್ದೇನೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ನಿಮ್ಮ ಮೊದಲ ಮೂರು ತೊಂದರೆಗಳ ಬೇರು ಒಂದೇ. ನಿಮಗೆ ಬೇಕಿರುವುದು ಎರಡು ಬೇರೆ ಬೇರೆ ಉತ್ತರ. ಯಾವ ಸದಸ್ಯರು ಪಟ್ಟಿಯಲ್ಲಿರಬೇಕು ಎನ್ನುವುದು ಒಂದು. ಪಟ್ಟಿಯಲ್ಲಿರುವ ಒಬ್ಬೊಬ್ಬರ ಜೊತೆ ಯಾವ ಪೂರೈಕೆಗಳು ಬರಬೇಕು ಎನ್ನುವುದು ಇನ್ನೊಂದು. ಸೀಕ್ವೆಲೈಜ್‌ನಲ್ಲಿ ಎರಡಕ್ಕೂ ವೇರ್ ಎಂದೇ ಬರೆಯುತ್ತೇವೆ. ಅದು ಎಲ್ಲಿ ಕೂತಿದೆ ಎನ್ನುವುದರ ಮೇಲೆ ಅದರ ಕೆಲಸ ಬದಲಾಗುತ್ತದೆ, ಮತ್ತು ಆ ಬದಲಾವಣೆ ಕೋಡ್ ಓದುವವರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಮೊದಲು ಹುಟ್ಟುತ್ತಿರುವ ಎಸ್‌ಕ್ಯೂಎಲ್ ಅನ್ನು ಕಣ್ಣಾರೆ ನೋಡಿ. ಫೈಂಡ್‌ಆಲ್‌ಗೆ ಕೊಡುವ ಆಪ್ಷನ್‌ಗಳಲ್ಲಿ ಲಾಗಿಂಗ್ ಎಂಬ ಹೆಸರಿಗೆ ಕನ್ಸೋಲ್ ಲಾಗ್ ಕೊಟ್ಟರೆ ಆ ಒಂದು ಕ್ವೆರಿ ಮಾತ್ರ ಪ್ರಿಂಟ್ ಆಗುತ್ತದೆ. ಮುಂದೆ ಹೇಳುವುದನ್ನೆಲ್ಲ ನೀವೇ ಅಲ್ಲಿ ಪರೀಕ್ಷಿಸಬಹುದು.

ಇನ್‌ಕ್ಲೂಡ್ ಒಳಗೆ ವೇರ್ ಕೊಟ್ಟ ಕೂಡಲೇ ಸೀಕ್ವೆಲೈಜ್ ಆ ಸಂಬಂಧವನ್ನು ಕಡ್ಡಾಯ ಎಂದು ತಿಳಿಯುತ್ತದೆ. ರಿಕ್ವೈರ್ಡ್ ಎಂಬ ಆಪ್ಷನ್ ತಾನಾಗಿಯೇ ಟ್ರೂ ಆಗುತ್ತದೆ, ಲೆಫ್ಟ್ ಔಟರ್ ಜಾಯಿನ್ (ಜೋಡಿ ಸಿಗದಿದ್ದರೂ ಸದಸ್ಯರ ಸಾಲನ್ನು ಉಳಿಸುವ ಜೋಡಣೆ) ಇದ್ದದ್ದು ಇನ್ನರ್ ಜಾಯಿನ್ ಆಗುತ್ತದೆ. ಇನ್ನರ್ ಜಾಯಿನ್‌ನಲ್ಲಿ ಎರಡೂ ಕಡೆ ಹೊಂದುವ ಸಾಲು ಇದ್ದರೆ ಮಾತ್ರ ಫಲಿತಾಂಶ. ಏಪ್ರಿಲ್‌ನಲ್ಲಿ ಒಂದೂ ಪೂರೈಕೆ ಇಲ್ಲದ ಸದಸ್ಯರಿಗೆ ಅಲ್ಲಿ ಜಾಗವಿಲ್ಲ. ಇದು ಬಗ್ ಅಲ್ಲ, ದಾಖಲೆಯಲ್ಲೇ ಹೇಳಿರುವ ನಡವಳಿಕೆ. ‘ಏಪ್ರಿಲ್‌ನಲ್ಲಿ ಹಾಲು ಹಾಕಿದ ಸದಸ್ಯರು’ ಎಂದು ಕೇಳುವವರಿಗೆ ಇದೇ ಸರಿ. ನಿಮ್ಮ ಪ್ರಶ್ನೆ ಅದಲ್ಲ ಅಷ್ಟೆ.

ಅದೇ ಇನ್‌ಕ್ಲೂಡ್‌ನಲ್ಲಿ, ಅದೇ ವೇರ್‌ನ ಪಕ್ಕದಲ್ಲಿ ರಿಕ್ವೈರ್ಡ್ ಫಾಲ್ಸ್ ಎಂದು ನೀವೇ ಬರೆದರೆ ಲೆಫ್ಟ್ ಔಟರ್ ಜಾಯಿನ್ ಉಳಿಯುತ್ತದೆ, ತಿಂಗಳ ಕಂಡಿಷನ್ ಜಾಯಿನ್‌ನ ಆನ್ ಭಾಗಕ್ಕೆ ಹೋಗುತ್ತದೆ. ಹಾಲು ಹಾಕದವರು ಖಾಲಿ ಅರೇ ಹೊತ್ತುಕೊಂಡು ಪಟ್ಟಿಯಲ್ಲಿ ನಿಲ್ಲುತ್ತಾರೆ. ನಿಮಗೆ ಬೇಕಿದ್ದದ್ದು ಇಷ್ಟೇ ಆಗಿತ್ತು.

ಆದರೆ ನೀವು ಕಂಡಿಷನ್ ಅನ್ನು ಹೊರಗಿನ ವೇರ್‌ಗೆ ಒಯ್ದಿರಿ. ಎರಡು ಡಾಲರ್ ಚಿಹ್ನೆಗಳ ನಡುವೆ ಪೂರೈಕೆ, ಚುಕ್ಕಿ, ದಿನಾಂಕ ಎಂದು ಬರೆದು, ಏಪ್ರಿಲ್‌ನಲ್ಲಿರಬೇಕು ಅಥವಾ ಪೂರೈಕೆಯ ಐಡಿ ನಲ್ ಆಗಿರಬೇಕು ಎಂದು ಆಪ್ ಆರ್ (‘ಅಥವಾ’ ಎಂಬ ಅರ್ಥದ ಸೀಕ್ವೆಲೈಜ್ ಆಪರೇಟರ್) ಹಾಕಿದ್ದೀರಿ. ನೋಡಲು ಸರಿಯಾಗಿದೆ, ಅನೇಕರು ಹೀಗೇ ಬರೆಯುತ್ತಾರೆ. ಇದು ಎಲ್ಲಿ ಮುರಿಯುತ್ತದೆ ಎಂದು ಮೂವರು ಸದಸ್ಯರನ್ನಿಟ್ಟುಕೊಂಡು ನೋಡೋಣ.

ಗಂಗಮ್ಮ ಮಾರ್ಚ್‌ನಲ್ಲೂ ಏಪ್ರಿಲ್‌ನಲ್ಲೂ ಹಾಲು ಹಾಕಿದ್ದಾರೆ. ಬಸಪ್ಪನವರ ಹಸು ಗಬ್ಬವಾಗಿ ಹಾಲು ಬತ್ತಿದೆ. ಅವರದು ಮಾರ್ಚ್ ಲೆಕ್ಕ ಮಾತ್ರ. ಫಾತಿಮಾ ಹೊಸದಾಗಿ ಸದಸ್ಯರಾದವರು, ಇನ್ನೂ ಒಂದು ಸಲವೂ ಹಾಕಿಲ್ಲ. ದಿನಾಂಕದ ಕಂಡಿಷನ್ ಇಲ್ಲದ ಲೆಫ್ಟ್ ಜಾಯಿನ್ ಮೊದಲು ನಡೆಯುತ್ತದೆ. ಗಂಗಮ್ಮನಿಗೆ ಮಾರ್ಚ್ ಮತ್ತು ಏಪ್ರಿಲ್ ಸಾಲುಗಳು ಸೇರುತ್ತವೆ, ಬಸಪ್ಪನವರಿಗೆ ಮಾರ್ಚ್ ಸಾಲುಗಳು ಸೇರುತ್ತವೆ, ಫಾತಿಮಾ ಅವರಿಗೆ ಸೇರಲು ಏನೂ ಇಲ್ಲದ್ದರಿಂದ ಪೂರೈಕೆಯ ಕಾಲಮ್‌ಗಳೆಲ್ಲ ನಲ್. ಈಗ ಹೊರಗಿನ ವೇರ್ ಜರಡಿ ಹಿಡಿಯುತ್ತದೆ. ಗಂಗಮ್ಮನ ಏಪ್ರಿಲ್ ಸಾಲುಗಳು ಉಳಿಯುತ್ತವೆ. ಫಾತಿಮಾ ಅವರದು ನಲ್, ಹಾಗಾಗಿ ಉಳಿಯುತ್ತಾರೆ. ಬಸಪ್ಪನವರ ಸಾಲು ಏಪ್ರಿಲ್‌ನದ್ದೂ ಅಲ್ಲ, ನಲ್ ಕೂಡ ಅಲ್ಲ, ಅವರು ಹೋದರು. ‘ಕೆಲವರು ಬರುತ್ತಾರೆ, ಕೆಲವರು ಬರುವುದಿಲ್ಲ’ ಎಂದಿರಲ್ಲ, ಬಾರದವರೆಲ್ಲ ಬಸಪ್ಪನಂಥವರು. ಟೆಸ್ಟ್ ಡೇಟಾದಲ್ಲಿ ಹಳೆಯ ತಿಂಗಳ ಲೆಕ್ಕ ಇಲ್ಲದಿದ್ದರೆ ಇದು ಕಾಣಿಸುವುದೇ ಇಲ್ಲ. ಮೊದಲ ತಿಂಗಳು ಆಪ್ ಸರಿಯಾಗಿ ನಡೆಯುತ್ತದೆ, ಎರಡನೆಯ ತಿಂಗಳಿಂದ ಸದಸ್ಯರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಆದ್ದರಿಂದ ಇಂಥ ಕ್ವೆರಿಗೆ ಟೆಸ್ಟ್ ಬರೆಯುವಾಗ ಈ ಮೂರೂ ಬಗೆಯ ಸದಸ್ಯರು ಇರಲೇಬೇಕು.

ಕಂಡಿಷನ್ ಆನ್ ಭಾಗದಲ್ಲಿದ್ದರೆ ಬಸಪ್ಪನವರ ಮಾರ್ಚ್ ಸಾಲುಗಳು ಜಾಯಿನ್‌ನಲ್ಲೇ ಹೊಂದುವುದಿಲ್ಲ, ಅವರೂ ಫಾತಿಮಾ ಅವರಂತೆ ನಲ್ ಜೊತೆಗೆ ಉಳಿಯುತ್ತಾರೆ. ಆನ್‌ನಲ್ಲಿರುವ ಕಂಡಿಷನ್ ಯಾವ ಪೂರೈಕೆ ಅಂಟಿಕೊಳ್ಳಬೇಕು ಎಂದು ತೀರ್ಮಾನಿಸುತ್ತದೆ. ವೇರ್‌ನಲ್ಲಿರುವ ಕಂಡಿಷನ್ ಅಂಟಿಕೊಂಡ ಮೇಲೆ ಯಾವ ಸಾಲು ಉಳಿಯಬೇಕು ಎಂದು ತೀರ್ಮಾನಿಸುತ್ತದೆ. ಇನ್ನರ್ ಜಾಯಿನ್‌ನಲ್ಲಿ ಎರಡೂ ಒಂದೇ ಫಲ ಕೊಡುವುದರಿಂದ ಈ ವ್ಯತ್ಯಾಸ ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ಲೆಫ್ಟ್ ಜಾಯಿನ್‌ನಲ್ಲಿ ಅದೇ ಎಲ್ಲವೂ.

ಇನ್ನು ಲಿಮಿಟ್. ಒಬ್ಬ ಸದಸ್ಯರಿಗೆ ಅನೇಕ ಪೂರೈಕೆ ಇರುವ ಇನ್‌ಕ್ಲೂಡ್ ಜೊತೆ ಲಿಮಿಟ್ ಕೊಟ್ಟಾಗ ಸೀಕ್ವೆಲೈಜ್ ಒಳ್ಳೆಯದನ್ನೇ ಮಾಡುತ್ತದೆ: ಮೊದಲು ಒಳಗಿನ ಸಬ್‌ಕ್ವೆರಿಯಲ್ಲಿ 20 ಸದಸ್ಯರನ್ನು ಆರಿಸಿ, ಆಮೇಲೆ ಹೊರಗೆ ಪೂರೈಕೆಯನ್ನು ಜಾಯಿನ್ ಮಾಡುತ್ತದೆ. ನಿಮ್ಮ ಡಾಲರ್ ಕಂಡಿಷನ್ ಒಳಗಿನ ಸಬ್‌ಕ್ವೆರಿಯ ವೇರ್‌ಗೆ ಹೋಗಿ ಕೂರುತ್ತದೆ, ಅಲ್ಲಿ ಪೂರೈಕೆ ಟೇಬಲ್ ಇನ್ನೂ ಬಂದೇ ಇಲ್ಲ. ಅದಕ್ಕೇ ಪೋಸ್ಟ್‌ಗ್ರೆಸ್ ‘ಮಿಸ್ಸಿಂಗ್ ಫ್ರಮ್-ಕ್ಲಾಝ್ ಎಂಟ್ರಿ’ ಎಂದು ದೂರಿತು. ಈ ಎರರ್‌ಗೆ ಇಂಟರ್‌ನೆಟ್‌ನಲ್ಲಿ ಎಲ್ಲೆಲ್ಲೂ ಸಿಗುವ ಮದ್ದು ಸಬ್‌ಕ್ವೆರಿ ಫಾಲ್ಸ್. ಅದನ್ನು ಹಾಕಿದರೆ ಒಳಗಿನ ಸಬ್‌ಕ್ವೆರಿ ಹೋಗಿ ಎಲ್ಲವೂ ಒಂದೇ ಮಟ್ಟಕ್ಕೆ ಬರುತ್ತದೆ, ಎರರ್ ನಿಲ್ಲುತ್ತದೆ. ಆದರೆ ಲಿಮಿಟ್ ಈಗ ಜಾಯಿನ್ ಆದ ಸಾಲುಗಳನ್ನು ಎಣಿಸುತ್ತದೆ. ದಿನಕ್ಕೆ ಎರಡು ಹೊತ್ತು ತಪ್ಪದೆ ಹಾಲು ಹಾಕುವವರಿಗೆ ಏಪ್ರಿಲ್‌ನಲ್ಲಿ 60 ಸಾಲು. ಸದಸ್ಯ ಸಂಖ್ಯೆ, ದಿನಾಂಕದ ಕ್ರಮದಲ್ಲಿ 20 ಸಾಲು ತೆಗೆದರೆ ಸಿಗುವುದು ಮೊದಲನೆಯ ಸದಸ್ಯರ 10 ದಿನದ ಲೆಕ್ಕ. ನಿಮಗೆ ಬಂದ ‘ಒಬ್ಬರೇ’ ಅವರು, ಮತ್ತು ಅವರ ಮೊತ್ತವೂ ಅರ್ಧಂಬರ್ಧ. ಎರರ್ ಬಂದಾಗ ಕನಿಷ್ಠ ತಪ್ಪು ಗೊತ್ತಾಗುತ್ತಿತ್ತು. ಈಗ ತಪ್ಪು ಮೊತ್ತ ಸದ್ದಿಲ್ಲದೆ ಬಟವಾಡೆಯ ಪಟ್ಟಿಗೆ ಹೋಗುವಂತಾಗಿದೆ. ಈ ಆಪ್ಷನ್ ಅನ್ನು ಎರರ್ ಓಡಿಸಲು ಎಂದೂ ಬಳಸಬೇಡಿ.

ಒಟ್ಟು ಪುಟಗಳ ಸಂಖ್ಯೆಗೆ ಫೈಂಡ್‌ಅಂಡ್‌ಕೌಂಟ್‌ಆಲ್ ಬಳಸಿದ್ದೀರಿ. ಜಾಯಿನ್ ಇರುವಲ್ಲಿ ಅದಕ್ಕೆ ಡಿಸ್ಟಿಂಕ್ಟ್ ಟ್ರೂ ಕೊಡಿ. ಇಲ್ಲದಿದ್ದರೆ ಅಲ್ಲೂ ಸದಸ್ಯರ ಬದಲು ಸಾಲುಗಳ ಎಣಿಕೆ ಬರುತ್ತದೆ.

ನಾನಾದರೆ ಈ ಪರದೆಗೆ ಇನ್‌ಕ್ಲೂಡ್ ಅನ್ನೇ ಬಳಸುವುದಿಲ್ಲ. ಕಾರ್ಯದರ್ಶಿಯವರಿಗೆ ಬೇಕಿರುವುದು ತಲಾ ಒಂದು ಮೊತ್ತ. ಅದಕ್ಕಾಗಿ ಒಬ್ಬೊಬ್ಬರ 60 ಸಾಲುಗಳನ್ನು ನೋಡ್‌ವರೆಗೆ ಎಳೆದು ತಂದು, ಮಾಡೆಲ್ ಆಬ್ಜೆಕ್ಟ್‌ಗಳನ್ನಾಗಿ ಮಾಡಿ, ರೆಡ್ಯೂಸ್ ಮಾಡಿ ಕೂಡುವುದು ದಂಡ. ಎರಡು ಸರಳ ಕ್ವೆರಿ ಸಾಕು. ಮೊದಲನೆಯದು ಬರೀ ಸದಸ್ಯರ ಟೇಬಲ್ ಮೇಲೆ: ಸಂಘದ ಐಡಿ, ಸದಸ್ಯ ಸಂಖ್ಯೆಯ ಕ್ರಮ, ಲಿಮಿಟ್ 20. ಜಾಯಿನ್ ಇಲ್ಲದ್ದರಿಂದ 20 ಎಂದರೆ 20 ಜನರೇ. ಎರಡನೆಯದು ಬರೀ ಪೂರೈಕೆ ಟೇಬಲ್ ಮೇಲೆ: ಆ 20 ಐಡಿಗಳನ್ನು ಆಪ್ ಇನ್‌ಗೆ ಕೊಟ್ಟು, ತಿಂಗಳ ಕಂಡಿಷನ್ ಹಾಕಿ, ಸದಸ್ಯರ ಐಡಿಯಿಂದ ಗ್ರೂಪ್ ಮಾಡಿ, ಲೀಟರ್ ಕಾಲಮ್‌ನ ಸಮ್ ಕೇಳಿ, ರಾ ಟ್ರೂ ಮಾಡಿ. ಬಂದದ್ದನ್ನು ಒಂದು ಮ್ಯಾಪ್‌ನಲ್ಲಿಟ್ಟು, ಸದಸ್ಯರ ಪಟ್ಟಿಯಲ್ಲಿ ಸಾಗುತ್ತ ಮ್ಯಾಪ್‌ನಲ್ಲಿ ಸಿಗದವರಿಗೆ 0 ಬರೆಯಿರಿ. ಬಸಪ್ಪನವರೂ ಫಾತಿಮಾ ಅವರೂ ತಮ್ಮ ಜಾಗದಲ್ಲಿರುತ್ತಾರೆ. ‘ಒಂದೇ ಕ್ವೆರಿಯಲ್ಲಿ ಮುಗಿಸಬೇಕು’ ಎಂಬ ಹಟ ಬೇಡ. ಒಂದು ಪುಟಕ್ಕೆ ಎರಡು ಕ್ವೆರಿ ಯಾವ ಡೇಟಾಬೇಸ್‌ಗೂ ಭಾರವಲ್ಲ. ಭಾರವಾಗುವುದು ಲೂಪ್‌ನಲ್ಲಿ ಒಬ್ಬೊಬ್ಬ ಸದಸ್ಯರಿಗೂ ಒಂದೊಂದು ಕ್ವೆರಿ ಓಡಿಸಿದಾಗ.

ಇಲ್ಲೊಂದು ಎಚ್ಚರಿಕೆ. ಲೀಟರ್ ಕಾಲಮ್ ಡೆಸಿಮಲ್ ಆಗಿದೆ, ಒಳ್ಳೆಯದು. ಆದರೆ ಪೋಸ್ಟ್‌ಗ್ರೆಸ್ ಡ್ರೈವರ್ ಡೆಸಿಮಲ್ ಬೆಲೆಯನ್ನೂ ಅದರ ಮೊತ್ತವನ್ನೂ ಸ್ಟ್ರಿಂಗ್ ಆಗಿ ಕೊಡುತ್ತದೆ, ನಿಖರತೆ ಕೆಡದಿರಲಿ ಎಂದು. ಬೆಳಗಿನ ‘10.5’ಕ್ಕೆ ಸಂಜೆಯ ‘9.0’ ಕೂಡಿಸಿದರೆ ಜಾವಾಸ್ಕ್ರಿಪ್ಟ್ ‘10.59.0’ ಎನ್ನುತ್ತದೆ. ಕೂಡುವ ಕೆಲಸವನ್ನು ಡೇಟಾಬೇಸ್‌ಗೇ ಬಿಡಿ. ನೋಡ್‌ನಲ್ಲಿ ಲೆಕ್ಕ ಮಾಡಲೇಬೇಕಾದಲ್ಲಿ ಮೊದಲು ಸಂಖ್ಯೆಯಾಗಿ ಬದಲಿಸಿ.

ಒಬ್ಬ ಸದಸ್ಯರ ವಿವರದ ಪುಟದಲ್ಲಿ ಪ್ರತಿ ಹೊತ್ತಿನ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟ ಘನಾಂಶ) ಎಲ್ಲ ತೋರಿಸಬೇಕಲ್ಲ, ಅಲ್ಲಿ ಇನ್‌ಕ್ಲೂಡ್ ಇರಲಿ, ಅದಕ್ಕೆ ಸೆಪರೇಟ್ ಟ್ರೂ ಕೊಡಿ. ಹ್ಯಾಸ್‌ಮೆನಿ ಸಂಬಂಧಕ್ಕೆ ಮಾತ್ರ ಸಿಗುವ ಆಪ್ಷನ್ ಅದು. ಪೂರೈಕೆಗಳನ್ನು ಬೇರೆಯೇ ಕ್ವೆರಿಯಲ್ಲಿ ತಂದು ಜೋಡಿಸುತ್ತದೆ. ಅದರೊಳಗಿನ ವೇರ್‌ಗೆ ಸದಸ್ಯರನ್ನು ಮುಟ್ಟುವ ದಾರಿಯೇ ಇಲ್ಲ.

ಕಾರ್ಯದರ್ಶಿಯವರು ಇಂದಲ್ಲ ನಾಳೆ ‘ಈ ತಿಂಗಳು ಯಾರು ಯಾರು ಹಾಲು ಹಾಕಿಲ್ಲ?’ ಎಂದು ಖಂಡಿತ ಕೇಳುತ್ತಾರೆ. ಅದಕ್ಕೆ ಎರಡೂ ಕಡೆಯ ಕಂಡಿಷನ್ ಒಟ್ಟಿಗೆ ಬೇಕು: ಇನ್‌ಕ್ಲೂಡ್ ಒಳಗೆ ರಿಕ್ವೈರ್ಡ್ ಫಾಲ್ಸ್ ಜೊತೆ ತಿಂಗಳ ಕಂಡಿಷನ್, ಹೊರಗಿನ ವೇರ್‌ನಲ್ಲಿ ಡಾಲರ್ ಚಿಹ್ನೆಯೊಳಗೆ ಪೂರೈಕೆಯ ಐಡಿ ನಲ್. ಏಪ್ರಿಲ್‌ನ ಸಾಲು ಅಂಟದವರು ಮಾತ್ರ ಉಳಿಯುತ್ತಾರೆ. ಬಸಪ್ಪ, ಫಾತಿಮಾ ಇಬ್ಬರೂ ಬರುತ್ತಾರೆ. ಈ ಒಂದು ಕಡೆ ಲಿಮಿಟ್ ಜೊತೆ ಸಬ್‌ಕ್ವೆರಿ ಫಾಲ್ಸ್ ಹಾಕಿದರೆ ಅಪಾಯವಿಲ್ಲ. ಏನೂ ಅಂಟದ ಸದಸ್ಯರಿಗೆ ಲೆಫ್ಟ್ ಜಾಯಿನ್‌ನಲ್ಲಿ ಬರುವುದು ಒಂದೇ ಸಾಲು, ಆದ್ದರಿಂದ ಸಾಲು ಎಣಿಸಿದರೂ ಜನ ಎಣಿಸಿದರೂ ಒಂದೇ.

ಮುಂದೆ ಪ್ರಿಸ್ಮಾಕ್ಕೆ ಹೋಗುವ ಯೋಚನೆ ಇದೆ ಎಂದಿದ್ದೀರಿ. ಅಲ್ಲಿ ಈ ಎರಡು ಪ್ರಶ್ನೆಗಳನ್ನು ಮೊದಲೇ ಬೇರ್ಪಡಿಸಿದ್ದಾರೆ, ಅದು ನನಗೆ ಇಷ್ಟ. ಇನ್‌ಕ್ಲೂಡ್ ಒಳಗಿನ ವೇರ್ ಪೂರೈಕೆಗಳನ್ನಷ್ಟೇ ಕತ್ತರಿಸುತ್ತದೆ, ಸದಸ್ಯರನ್ನು ಪಟ್ಟಿಯಿಂದ ಕೈಬಿಡುವುದಿಲ್ಲ. ಸದಸ್ಯರನ್ನು ಆರಿಸಬೇಕಾದರೆ ಹೊರಗಿನ ವೇರ್‌ನಲ್ಲಿ ಸಮ್, ನನ್, ಎವೆರಿ ಎಂಬ ಮೂರರಲ್ಲಿ ಒಂದನ್ನು ಬರೆಯಬೇಕು. ಈ ಸಮ್ ‘ಒಂದಾದರೂ’ ಎಂಬ ಅರ್ಥದ್ದು, ಮೇಲಿನ ಮೊತ್ತದ ಸಮ್ ಅಲ್ಲ. ಹಾಲು ಹಾಕದವರ ಪಟ್ಟಿ ನನ್‌ನಿಂದ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಎವೆರಿ ಬಳಸುವಾಗ ಮಾತ್ರ ನಿಧಾನಿಸಿ. ‘ಪ್ರತಿ ಪೂರೈಕೆಯೂ 4ಕ್ಕಿಂತ ಹೆಚ್ಚು ಫ್ಯಾಟ್ ಇರುವ ಸದಸ್ಯರು’ ಎಂದು ಕೇಳಿದರೆ ಒಂದೂ ಪೂರೈಕೆ ಇಲ್ಲದ ಫಾತಿಮಾ ಕೂಡ ಪಟ್ಟಿಗೆ ಬರುತ್ತಾರೆ, ಏಕೆಂದರೆ ಅವರ ಲೆಕ್ಕದಲ್ಲಿ ನಿಯಮ ಮುರಿದ ಪೂರೈಕೆ ಒಂದೂ ಇಲ್ಲ. ಅದು ಬೇಡವಾದರೆ ಎವೆರಿ ಜೊತೆ ಸಮ್ ಕೂಡ ಸೇರಿಸಿ.

ತಿಂಗಳ ಮೊತ್ತ ಪುಸ್ತಕಕ್ಕೆ ತಾಳೆಯಾಗದಿರುವುದು ಬೇರೆ ಕಥೆ, ಅದು ಸಮಯವಲಯದ್ದು. ಪೂರೈಕೆಯ ಸಮಯವನ್ನು ಡೇಟ್ ಎಂಬ ಬಗೆಯಲ್ಲಿಟ್ಟಿದ್ದೀರಿ. ಪೋಸ್ಟ್‌ಗ್ರೆಸ್‌ನಲ್ಲಿ ಅದು ಟೈಮ್ ಝೋನ್ ಸಹಿತ ಟೈಮ್‌ಸ್ಟಾಂಪ್. ಫಿಲ್ಟರ್‌ನಲ್ಲಿ ಆಪ್ ಬಿಟ್ವೀನ್ ಹಾಕಿ, ಒಂದು ತುದಿಗೆ ನ್ಯೂ ಡೇಟ್ ಮಾಡಿ ‘2025-04-01’, ಇನ್ನೊಂದಕ್ಕೆ ‘2025-04-30’ ಕೊಟ್ಟಿದ್ದೀರಿ. ಗಂಟೆ ನಿಮಿಷ ಇಲ್ಲದ ಇಂಥ ಬರೀ ದಿನಾಂಕವನ್ನು ಜಾವಾಸ್ಕ್ರಿಪ್ಟ್ ಯುಟಿಸಿಯ (ಜಾಗತಿಕ ಮೂಲ ಸಮಯದ) ಮಧ್ಯರಾತ್ರಿ ಎಂದು ಓದುತ್ತದೆ. ನಮ್ಮ ಗಡಿಯಾರದಲ್ಲಿ ಅದು ಬೆಳಗಿನ 5:30. ಏಪ್ರಿಲ್ 1ರ ಬೆಳಿಗ್ಗೆ 5:15ಕ್ಕೆ ಹಾಲು ಅಳೆದವರ ಲೆಕ್ಕ ಯುಟಿಸಿಯಲ್ಲಿ ಮಾರ್ಚ್ 31ರ ರಾತ್ರಿ 11:45; ಅದು ನಿಮ್ಮ ಏಪ್ರಿಲ್‌ಗೆ ಬರಲಿಲ್ಲ. ಆ ಕಡೆ ಬಿಟ್ವೀನ್ ನಿಂತದ್ದು ಏಪ್ರಿಲ್ 30ರ ಬೆಳಿಗ್ಗೆ 5:30ಕ್ಕೆ. ಅಂದು ಅದಾದ ಮೇಲೆ ಅಳೆದ ಬೆಳಗಿನ ಹಾಲು, ಸಂಜೆಯ ಹಾಲು ಎರಡೂ ಬಿಟ್ಟುಹೋದವು. ಪುಸ್ತಕದ ಲೆಕ್ಕಕ್ಕಿಂತ ನಿಮ್ಮದು ಪ್ರತಿ ತಿಂಗಳೂ ಕಡಿಮೆ ಬರುತ್ತಿದೆ ಎಂದಿರಲ್ಲ, ಹೆಚ್ಚು ಪಾಲು ಈ ಕೊನೆಯ ದಿನದ್ದು.

ಅಂಕಿಗಳನ್ನು ಬಿಡಿಬಿಡಿಯಾಗಿ ಕೊಟ್ಟು, ಅಂದರೆ ವರ್ಷ, ತಿಂಗಳು, ದಿನ ಎಂದು ನ್ಯೂ ಡೇಟ್ ಮಾಡಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ಅದು ಪ್ರೋಗ್ರಾಂ ಓಡುವ ಯಂತ್ರದ ಸಮಯವಲಯವನ್ನು ಹಿಡಿಯುತ್ತದೆ: ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿ, ಯುಟಿಸಿಯಲ್ಲಿ ಓಡುವ ಕ್ಲೌಡ್ ಸರ್ವರ್‌ನಲ್ಲಿ ಮತ್ತೆ ತಪ್ಪು. ಸಮಯವಲಯವನ್ನು ನೀವೇ ಬರೆಯಿರಿ, +05:30 ಎಂದು. ಮತ್ತು ಬಿಟ್ವೀನ್ ಬಿಟ್ಟು, ಏಪ್ರಿಲ್ 1ರ ಮಧ್ಯರಾತ್ರಿಗೆ ಆಪ್ ಜಿಟಿಇ (ಅದಕ್ಕೆ ಸಮ ಅಥವಾ ಹೆಚ್ಚು), ಮೇ 1ರ ಮಧ್ಯರಾತ್ರಿಗೆ ಆಪ್ ಎಲ್‌ಟಿ (ಅದಕ್ಕಿಂತ ಕಡಿಮೆ) ಬಳಸಿ. ತಿಂಗಳಿಗೆ 30 ದಿನವೋ 31 ದಿನವೋ ಎಂಬ ಚಿಂತೆಯೂ ತಪ್ಪುತ್ತದೆ. ಆದರೆ ಇದಕ್ಕಿಂತ ಸರಿಯಾದ ದಾರಿ ಟೇಬಲ್ಲನ್ನೇ ತಿದ್ದುವುದು. ಹಾಲಿನ ಲೆಕ್ಕ ನಡೆಯುವುದು ದಿನಾಂಕ ಮತ್ತು ಹೊತ್ತಿನ ಮೇಲೆ; ಗಂಟೆ ನಿಮಿಷದ ಮೇಲಲ್ಲ. ಡೇಟ್‌ಓನ್ಲಿ ಬಗೆಯ ಒಂದು ಕಾಲಮ್, ಬೆಳಿಗ್ಗೆ ಅಥವಾ ಸಂಜೆ ಎಂಬ ಇನ್ನೊಂದು ಕಾಲಮ್ ಮಾಡಿ. ಸಮಯವಲಯದ ಪ್ರಶ್ನೆ ಬಟವಾಡೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಅಳೆದ ನಿಖರ ಸಮಯ ಬೇಕಿದ್ದರೆ ಅದು ಪ್ರತ್ಯೇಕ ಕಾಲಮ್‌ನಲ್ಲಿ ದಾಖಲೆಗಾಗಿ ಇರಲಿ.

ತಿಂಗಳ ಸಂಖ್ಯೆಯನ್ನು ಫಂಕ್ಷನ್‌ನಿಂದ ತೆಗೆದು 4ಕ್ಕೆ ಸಮವೇ ಎಂದು ಕೇಳುವ ದಾರಿಯನ್ನು ವರದಿಯ ಫೈಲ್‌ನಲ್ಲಿ ಹಿಡಿದಿದ್ದೀರಿ. ಅದು ಎಲ್ಲ ವರ್ಷಗಳ ಏಪ್ರಿಲ್ ಅನ್ನೂ ತರುತ್ತದೆ. ಕಾಲಮ್ ಅನ್ನು ಫಂಕ್ಷನ್ ಒಳಗೆ ಹಾಕಿದ್ದರಿಂದ ಆ ಕಾಲಮ್ ಮೇಲಿನ ಸಾಮಾನ್ಯ ಇಂಡೆಕ್ಸ್ ಕೂಡ ಉಪಯೋಗಕ್ಕೆ ಬರುವುದಿಲ್ಲ. ಎರಡು ತುದಿಯ ಕಂಡಿಷನ್‌ಗೇ ಬದಲಿಸಿ, ಸದಸ್ಯರ ಐಡಿ ಮತ್ತು ದಿನಾಂಕ ಎರಡನ್ನೂ ಸೇರಿಸಿ, ಆ ಕ್ರಮದಲ್ಲೇ ಒಂದು ಇಂಡೆಕ್ಸ್ ಮಾಡಿ. ಮೇಲೆ ಹೇಳಿದ ಮೊತ್ತದ ಕ್ವೆರಿಗೆ ಹೇಳಿ ಮಾಡಿಸಿದ್ದು ಅದು.

ನೀವು ಕೇಳದ ಒಂದೆರಡು ವಿಷಯ ಕೋಡ್‌ನಲ್ಲಿ ಕಂಡವು, ಹೇಳದೆ ಬಿಡಲಾಗುವುದಿಲ್ಲ.

ಫಿಲ್ಟರ್ ಕಟ್ಟುವ ಫಂಕ್ಷನ್‌ನಲ್ಲಿ ಮೊದಲು ಖಾಲಿ ವೇರ್ ಆಬ್ಜೆಕ್ಟ್ ಮಾಡಿ, ಹುಡುಕುವ ಪದ ಇದ್ದರೆ ವೇರ್‌ನ ಆಪ್ ಆರ್‌ಗೆ ‘ಹೆಸರು ಅಥವಾ ಸದಸ್ಯ ಸಂಖ್ಯೆ’ ಇಡುತ್ತೀರಿ. ಸ್ವಲ್ಪ ಕೆಳಗೆ ಅದೇ ಆಪ್ ಆರ್‌ಗೆ ‘ಹಸು ಅಥವಾ ಎಮ್ಮೆ’ ಇಡುತ್ತೀರಿ. ಒಂದು ಆಬ್ಜೆಕ್ಟ್‌ನಲ್ಲಿ ಒಂದು ಕೀಗೆ ಒಂದೇ ಬೆಲೆ. ಎರಡನೆಯದು ಮೊದಲನೆಯದನ್ನು ಅಳಿಸುತ್ತದೆ, ಹೆಸರಿನ ಹುಡುಕಾಟ ಕೆಲಸವೇ ಮಾಡುವುದಿಲ್ಲ. ಕಂಡಿಷನ್‌ಗಳನ್ನು ಒಂದು ಅರೇಗೆ ಪುಶ್ ಮಾಡುತ್ತ ಹೋಗಿ, ಕೊನೆಯಲ್ಲಿ ಇಡೀ ಅರೇಯನ್ನು ಆಪ್ ಆಂಡ್‌ಗೆ ಕೊಡಿ. ಯಾವುದೂ ಯಾವುದನ್ನೂ ತುಳಿಯುವುದಿಲ್ಲ. ಇದೇ ಫಂಕ್ಷನ್‌ನಲ್ಲಿ ವೇರ್ ಖಾಲಿಯೇ ಎಂದು ಆಬ್ಜೆಕ್ಟ್ ಕೀಸ್ ಎಣಿಸಿ ನೋಡಿದ್ದೀರಿ. ಆಪ್ ಆರ್ ಒಂದು ಸಿಂಬಲ್. ಆಬ್ಜೆಕ್ಟ್ ಕೀಸ್ ಸಿಂಬಲ್‌ಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಜೇಸನ್ ಸ್ಟ್ರಿಂಗಿಫೈ ಕೂಡ ತೋರಿಸುವುದಿಲ್ಲ. ಕಂಡಿಷನ್ ಇದ್ದರೂ ಎಣಿಕೆ 0, ಲಾಗ್‌ನಲ್ಲಿ ಬರೀ ಎರಡು ಬ್ರಾಕೆಟ್. ಅರೇ ಇಟ್ಟುಕೊಂಡರೆ ಅದರ ಉದ್ದ ನೋಡಿದರಾಯಿತು.

ಇದಕ್ಕಿಂತ ಗಂಭೀರವಾದದ್ದು ಸಂಘದ ಐಡಿ. ಅದನ್ನು ಬ್ರೌಸರ್ ಕಳಿಸಿದ ಕ್ವೆರಿ ಪ್ಯಾರಾಮೀಟರ್‌ನಿಂದ ತೆಗೆದು ನೇರ ವೇರ್‌ಗೆ ಹಾಕಿದ್ದೀರಿ. ಯಾರೇ ಆಗಲಿ ಅಲ್ಲಿ ಬೇರೆ ಸಂಘದ ಸಂಖ್ಯೆ ಬರೆದರೆ ಆ ಊರಿನ ಲೆಕ್ಕವೆಲ್ಲ ಕೈಗೆ ಬರುತ್ತದೆ. ಲಾಗಿನ್ ಆದವರ ಸೆಷನ್‌ನಿಂದಲೇ ಅದನ್ನು ತೆಗೆಯಬೇಕು, ಹೊರಗಿನಿಂದ ಬರುವ ಫಿಲ್ಟರ್‌ಗಳಲ್ಲಿ ಯಾವ ಕಾಲಮ್‌ಗೆ ಅವಕಾಶ ಎಂದು ನೀವೇ ಪಟ್ಟಿ ಮಾಡಬೇಕು. ಪ್ಯಾರಾಮೀಟರ್ ಬಾರದೇ ಹೋದರೆ ಏನಾಗುತ್ತದೆ ಎನ್ನುವುದೂ ಓಆರ್‌ಎಂನಿಂದ ಓಆರ್‌ಎಂಗೆ ಬೇರೆ. ವೇರ್‌ನಲ್ಲಿ ಅನ್‌ಡಿಫೈನ್ಡ್ ಬಂದರೆ ಸೀಕ್ವೆಲೈಜ್ 6 ಎರರ್ ಎಸೆದು ನಿಲ್ಲುತ್ತದೆ. ಪ್ರಿಸ್ಮಾ ಮಾಮೂಲಾಗಿ ಆ ಕಂಡಿಷನ್ ಇಲ್ಲವೇ ಇಲ್ಲ ಎಂದು ತಿಳಿದು ಮುಂದುವರಿಯುತ್ತದೆ: ಓದುವಲ್ಲಿ ಎಲ್ಲ ಸಂಘಗಳ ಸಾಲುಗಳು ಬರುತ್ತವೆ, ಡಿಲೀಟ್‌ಮೆನಿಯಲ್ಲಿ ಎಲ್ಲ ಸಂಘಗಳ ಸಾಲುಗಳು ಹೋಗುತ್ತವೆ. ಇದನ್ನು ತಡೆಯಲು ಪ್ರಿಸ್ಮಾ 5.20ರಲ್ಲಿ ಸ್ಟ್ರಿಕ್ಟ್ ಅನ್‌ಡಿಫೈನ್ಡ್ ಚೆಕ್ಸ್ ಎಂಬ ಪ್ರಿವ್ಯೂ ಸೌಲಭ್ಯ ಬಂದಿದೆ. ನೀವು ಅತ್ತ ಹೋಗುವ ದಿನ ಮೊದಲ ಕೆಲಸವಾಗಿ ಅದನ್ನು ಆನ್ ಮಾಡಿ.

ರದ್ದಾದ ಸದಸ್ಯರನ್ನು ಬಿಡಲು ಸ್ಥಿತಿ ಕಾಲಮ್‌ಗೆ ಆಪ್ ಎನ್‌ಇ (ಸಮವಲ್ಲ) ಹಾಕಿ ‘ರದ್ದು’ ಎಂದಿದ್ದೀರಿ. ಹಳೆಯ ಪುಸ್ತಕದಿಂದ ಏರಿಸಿದ ಸದಸ್ಯರ ಸ್ಥಿತಿ ನಲ್ ಆಗಿದೆ. ನಲ್ ‘ರದ್ದು’ವಿಗೆ ಸಮವೂ ಅಲ್ಲ, ಅಸಮವೂ ಅಲ್ಲ, ಹಾಗಾಗಿ ಅವರೂ ಹೊರಗೆ. ಆ ಕಾಲಮ್‌ಗೆ ‘ಸಕ್ರಿಯ’ ಎಂಬ ಡಿಫಾಲ್ಟ್ ಕೊಟ್ಟು, ಇರುವ ನಲ್‌ಗಳನ್ನು ತುಂಬಿ, ನಲ್‌ಗೆ ಅವಕಾಶ ಇಲ್ಲದಂತೆ ಮಾಡಿ.

ಕೊನೆಯದಾಗಿ ಕನ್ನಡ ಹೆಸರಿನ ಹುಡುಕಾಟ. ಇದು ಓಆರ್‌ಎಂನ ತಪ್ಪಲ್ಲ, ದೊಡ್ಡಕ್ಷರ ಸಣ್ಣಕ್ಷರ ನೋಡದೆ ಹುಡುಕುವ ಐಲೈಕ್ ಬದಲಿಸಿದರೆ ಸರಿಹೋಗುವುದೂ ಅಲ್ಲ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದವೇ ಇಲ್ಲ. ತೊಂದರೆ ಯೂನಿಕೋಡ್‌ನಲ್ಲಿದೆ. ‘ಗೋಪಾಲ’ ಎಂಬುದರ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರು ಸಂಕೇತಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ, ಬೈಟ್ ಲೆಕ್ಕದಲ್ಲಿ ಬೇರೆ ಬೇರೆ. ಈಕಾರ, ಏಕಾರ, ಐಕಾರ, ಒಕಾರಗಳಿಗೂ ಹೀಗೇ ಬಿಡಿಸಿದ ರೂಪವಿದೆ. ಜಾವಾಸ್ಕ್ರಿಪ್ಟ್ ಸ್ಟ್ರಿಂಗ್‌ನ ನಾರ್ಮಲೈಜ್ ಮೆಥಡ್‌ಗೆ ಎನ್‌ಎಫ್‌ಸಿ ಎಂದು ಕೊಟ್ಟರೆ ಬಿಡಿಸಿದ್ದೆಲ್ಲ ಕೂಡಿಕೊಳ್ಳುತ್ತದೆ. ಆದರೆ ಅದು ಇನ್ನೊಂದನ್ನು ಮುಟ್ಟುವುದಿಲ್ಲ. ‘ವಿಜಯ್‌ಕುಮಾರ’ ಎಂದು ಒತ್ತಕ್ಷರ ಆಗದಂತೆ ಬರೆದಾಗ ಯ ಮತ್ತು ಕ ನಡುವೆ ಕಣ್ಣಿಗೆ ಕಾಣದ ಒಂದು ಅಗಲವಿಲ್ಲದ ಅಕ್ಷರ ಕೂತಿರುತ್ತದೆ. ‘ವಿಜಯ್ಕುಮಾರ’ ಎಂದು ಬರೆದವರಲ್ಲಿ ಅದಿಲ್ಲ. ಅದಕ್ಕಾಗಿ ಹುಡುಕಾಟಕ್ಕೆಂದೇ ಹೆಸರಿನ ಎರಡನೆಯ ಕಾಲಮ್ ಇಡಿ. ಅದರಲ್ಲಿ ಎನ್‌ಎಫ್‌ಸಿ ಮಾಡಿದ, ಈ ಕಾಣದ ಅಕ್ಷರಗಳನ್ನು ತೆಗೆದ ರೂಪವಿರಲಿ. ಬಳಕೆದಾರರು ಟೈಪ್ ಮಾಡಿದ ಪದವನ್ನೂ ಅದೇ ಫಂಕ್ಷನ್‌ನಿಂದ ಹಾಯಿಸಿ ಆಮೇಲೆ ಹೋಲಿಸಿ. ಪಟ್ಟಿಯಲ್ಲಿ ತೋರಿಸುವುದು ಅವರು ಬರೆದ ಮೂಲ ಹೆಸರನ್ನೇ.

ಈ ಕಾಲಮ್ ತುಂಬುವ ಕೆಲಸವನ್ನು ಬಿಫೋರ್‌ಸೇವ್ ಹುಕ್‌ಗೆ (ಸಾಲು ಉಳಿಸುವ ಮುಂಚೆ ತಾನಾಗಿ ಓಡುವ ಕೋಡ್) ಬಿಟ್ಟರೆ, ಹಳೆಯ ಪುಸ್ತಕವನ್ನು ಬಲ್ಕ್‌ಕ್ರಿಯೇಟ್‌ನಿಂದ ಏರಿಸುವಾಗ ಹುಕ್ ಓಡುವುದಿಲ್ಲ. ಇಂಡಿವಿಜುವಲ್ ಹುಕ್ಸ್ ಟ್ರೂ ಎಂದು ಹೇಳಬೇಕಾಗುತ್ತದೆ. ಹೆಸರಿನ ಕಾಲಮ್‌ನ ಸೆಟ್ಟರ್‌ನಲ್ಲೇ ಬರೆದರೆ ಎರಡೂ ದಾರಿಯಲ್ಲಿ ತುಂಬುತ್ತದೆ. ಈಗಾಗಲೇ ಟೇಬಲ್‌ನಲ್ಲಿರುವ ಹೆಸರುಗಳಿಗೆ ಒಂದು ಮೈಗ್ರೇಷನ್ ಸಾಕು: ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಜ್ ಫಂಕ್ಷನ್ ಡೇಟಾಬೇಸ್‌ನಲ್ಲೇ ಇದೆ, ಯುಟಿಎಫ್ 8 ಡೇಟಾಬೇಸ್ ಆಗಿದ್ದರೆ, ಕಾಣದ ಅಕ್ಷರ ತೆಗೆಯುವುದನ್ನೂ ಸೇರಿಸಿ, ಒಂದೇ ಅಪ್‌ಡೇಟ್‌ನಲ್ಲಿ ಎಲ್ಲ ಸಾಲುಗಳೂ ಸರಿಯಾಗುತ್ತವೆ.